ಬಲಗಡೆಯ ಹೂವು

ಆ ಭಾನುವಾರವೂ ಚಿಕ್ಕಬೈರಪ್ಪ ಎಂದಿನಂತೆ ಸಪ್ಪಲಮ್ಮನ ಮುಖ ತೊಳೆಯುತ್ತಿದ್ದ. ಸಿದ್ದಾಪುರದ ಆ ಪುಟ್ಟ ಗುಡಿಗೆ ಅವನೇ ಪೂಜಾರಿ. ಪೂಜೆ ಮುಗಿದ ಮೇಲೆ ಗಾರೆ ಕೆಲಸ. ಜಯನಗರದಲ್ಲಿ ಆಗ ಎಲ್ಲಿ ನೋಡಿದರೂ ಮನೆಗಳು ಏಳುತ್ತಿದ್ದವು.

“ಅಮ್ಮನ ಮುಖ ಇಷ್ಟ್ ಚೆನ್ನಾಗ್ ಉಜ್ತೀಯ, ನಿನ್ ಕತ್ತಲ್ಲಿ ಸಿಮೆಂಟು ಹಂಗೇ ಐತೆ,” ಎಂದಳು ಹೆಂಡತಿ ಬೈರಮ್ಮ.

“ಅದನ್ನ ಉಜ್ಜಾಕೆ ನೀನಿಲ್ವಾ?”

ಮರುದಿನದಿಂದ ಹೊಸ ಕಡೆ ಕೆಲಸ. ಅಮ್ಮನ ಅಪ್ಪಣೆಯಿಲ್ಲದೆ ಅವನು ಹೊರಡುವವನಲ್ಲ. ಒದ್ದೆ ಕಣಗಿಲೆ ಹೂವನ್ನು ವಿಗ್ರಹದ ಎರಡೂ ಭುಜಕ್ಕೆ ಅಂಟಿಸಿ ಕೈಮುಗಿದ. ಎಡಗಡೆಯದು ಬಿದ್ದರೆ ಬೇಡ, ಬಲಗಡೆಯದು ಬಿದ್ದರೆ ಹೋಗು. ಬಲಗಡೆಯದೇ ಬಿತ್ತು. ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡ.

ಸೋಮವಾರ ಮಧ್ಯಾಹ್ನ ಗೋಡೆಗೆ ಕಟ್ಟಿದ್ದ ಸಾರ್ವೆಯ ಗಳ ಮುರಿಯಿತು. ಮೇಲೆ ನಿಂತು ಗಾರೆ ಬಳಿಯುತ್ತಿದ್ದ ಚಿಕ್ಕಬೈರಪ್ಪ ಜಲ್ಲಿ ರಾಶಿಯ ಮೇಲೆ ಬಿದ್ದ. ಮನೆಗೆ ಹೆಣ ತಂದರು. ಅಂಗಿಯ ಜೇಬಿನಲ್ಲಿ ಆ ಹೂವು ಹಾಗೆಯೇ ಇತ್ತು.

ಬೈರಮ್ಮ ಅಳಲಿಲ್ಲ. ಬಂದವರಿಗೆಲ್ಲ ಒಂದೇ ಮಾತು: “ಬಲಗಡೆ ಕೊಟ್ಟಿದ್ಳಲ್ಲ. ನಾನೇ ನೋಡಿದ್ನಲ್ಲ.”

ತಿಥಿ ಮುಗಿದ ಮೇಲೆ ಮುಂದಿನ ಪೂಜಾರಿ ಯಾರೆಂದು ಅಮ್ಮನನ್ನು ಕೇಳಲು ಊರವರು ಗುಡಿಯ ಮುಂದೆ ಸೇರಿದರು. ಬೈರಮ್ಮನ ಮೈದುನ ಯಲ್ಲಯ್ಯನ ಹೆಸರಿಗೆ ಎಡಗಡೆಯ ಹೂವು ಬಿತ್ತು. ಅವನ ಮಗನ ಹೆಸರಿಗೂ ಎಡಗಡೆಯದೇ.

“ಬೈರಮ್ಮನ ಹೆಸರು ಹೇಳಿ ಕೇಳ್ರೋ,” ಎಂದಳು ಮುದುಕಿ ಕೆಂಪಕ್ಕ.

“ತಲೆ ಕೆಟ್ಟೈತಾ ಕೆಂಪಕ್ಕ? ಕುಂಕುಮ ಅಳಿಸ್ಕೊಂಡೋಳು ಅಮ್ಮನ್ನ ಮುಟ್ಟೋದಾ?” ಯಲ್ಲಯ್ಯ ರೇಗಿದ.

“ನೀನ್ ಕೇಳಪ್ಪ. ಬೇಡ ಅನ್ನಾಕೆ ಅಮ್ಮನಿಗೇನು ಬರಲ್ವಾ?”

ಹೂವು ಅಂಟಿಸಿ ಕೈ ತೆಗೆಯುವಷ್ಟರಲ್ಲಿ ಬಲಗಡೆಯದು ಬಿತ್ತು. ದೂರದಲ್ಲಿ ನಿಂತಿದ್ದ ಬೈರಮ್ಮ ಗುಡಿಯ ಬಾಗಿಲಿಗೆ ಬಂದಳು.

“ಅವನನ್ನ ಹೋಗು ಅಂದೆ, ಹೋದ,” ಎಂದಳು ಅಮ್ಮನಿಗೆ. “ಈಗ ನನ್ನ ಬಾ ಅಂತೀಯಾ? ಯಾವ ಬಾಯಲ್ಲಿ ಕರೀತೀಯ? ನಾನ್ ಬರಲ್ಲ.”

“ಬೇಡ ಅಂದ್ರೆ ಗುಡಿ ಬಾಗಿಲು ಹಾಕ್ಬಿಡಾಣ ಅತ್ತಿಗೆ,” ಎಂದ ಯಲ್ಲಯ್ಯ. ಹಾಕಿ ಬೀಗವನ್ನೂ ಜಡಿದ.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ನಲ್ಲಿಗೆ ಹೋಗುವಾಗ ಬೈರಮ್ಮ ಗುಡಿಯ ಬಾಗಿಲಿನ ಕಂಬಿಯೊಳಗೆ ಇಣುಕಿದಳು. ಅಮ್ಮನ ಮುಖದ ಮೇಲೆ ಹಳೆಯ ಕುಂಕುಮ ಒಣಗಿತ್ತು, ಇರುವೆ ಹರಿದಾಡುತ್ತಿದ್ದವು. ಬಿಂದಿಗೆ ಕೆಳಗಿಟ್ಟಳು. ಗಂಡನಿಗೆ ಹೋಗು ಎಂದದ್ದೇಕೆ ಎಂದು ಅವಳಿಗೆ ತಿಳಿಯಲಿಲ್ಲ, ತನ್ನನ್ನು ಕರೆದದ್ದೇಕೆ ಎಂದೂ ತಿಳಿಯಲಿಲ್ಲ. ಕರೆದದ್ದು ಮಾತ್ರ ನಿಜ. ಮೈದುನನ ಮನೆಗೆ ಹೋಗಿ ಕೈಚಾಚಿದಳು.

“ಬೀಗದ ಕೈ ಕೊಡು.”

ಅದಾಗಿ ವರ್ಷಗಳೇ ಕಳೆದವು. ಈಗಲೂ ದಿನಾ ಬೆಳಿಗ್ಗೆ ನಲ್ಲಿಯಿಂದ ಮೊದಲ ಬಿಂದಿಗೆ ಹೊತ್ತು ತಂದು ಅಮ್ಮನ ಮುಖ ತೊಳೆಯುತ್ತಾಳೆ. ಕಿವಿಯ ಹಿಂದೆ, ಕತ್ತಿನ ಸಂದಿಯಲ್ಲಿ ಬಿಡದೆ ಉಜ್ಜುತ್ತಾಳೆ. ಹಣೆಗೆ ಅಗಲವಾಗಿ ಕುಂಕುಮವಿಟ್ಟು, ಬೆರಳಲ್ಲಿ ಉಳಿದದ್ದನ್ನು ಒದ್ದೆ ಬಟ್ಟೆಗೆ ಒರೆಸಿ, ಬಟ್ಟೆ ಹಿಂಡಿ ಒಣಹಾಕುತ್ತಾಳೆ.