ಕ್ಯಾರಿಬೂಗೆ ಇಟ್ಟ ಗೋಗ್ರಾಸ

ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಹಸಿದ ಪ್ರಾಣಿಯ ಎದುರು ನಿಂತು ಅದಕ್ಕೆ ಏನೂ ಕೊಡದಿರುವುದು. ತಮಾಷೆಗೆ ಹೇಳುತ್ತಿಲ್ಲ. ಅದಕ್ಕೆ ಸಂಬಳ ಇತ್ತು, ಮೊಣಕಾಲುದ್ದದ ಬೂಟನ್ನೂ ಕೊಟ್ಟಿದ್ದರು. ಹಸಿದವರ ಮುಂದೆ ತಟ್ಟೆ ಮುಚ್ಚಿಟ್ಟುಕೊಂಡವರನ್ನು ನಮ್ಮಲ್ಲಿ ಏನೆಂದು ಬೈಯುತ್ತಾರೆ, ನಿಮಗೆ ಗೊತ್ತು. ಇಲ್ಲಿ ಅವರನ್ನು ರಿಸರ್ಚ್ ಅಸಿಸ್ಟೆಂಟ್ ಅನ್ನುತ್ತಾರೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟು. ನನ್ನ ಗಂಡ ಶ್ರೀಧರ ಎಂಜಿನಿಯರು. ಕತ್ತಲಿರುವಾಗಲೇ ಬಸ್ಸು ಹಿಡಿದು ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತಿದ್ದರು. ಮೈಸೂರಿನಲ್ಲಿ ಬಾಟನಿ ಎಂ.ಎಸ್ಸಿ. ಮುಗಿಸಿ ಬಂದ ನಾನು ಒಂದಿಡೀ ವರ್ಷ ಫ್ರಿಜ್ಜಿನ ಸದ್ದು ಕೇಳುತ್ತ ಕೂತೆ. ಮೈಸೂರಿನಲ್ಲಿ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಬೇಕೆಂದರೆ ಮೂರು ಜನ ಬಾಗಿಲು ಬಡಿಯುತ್ತಾರೆ. ಇಲ್ಲಿ ಬಾಗಿಲಿಗೆ ಬೆಲ್ ಇದೆಯೆಂಬುದೇ ನನಗೆ ಎರಡು ತಿಂಗಳು ಗೊತ್ತಿರಲಿಲ್ಲ. ನನ್ನ ಕಾನ್ವೆಂಟ್ ಇಂಗ್ಲಿಷಿನ ಜಂಭ ಮೊದಲ ವಾರವೇ ಇಳಿಯಿತು. ಹಾಲಿನ ಡಬ್ಬ ಎಲ್ಲಿದೆ ಎಂದು ಮೂರು ಸಲ ಕೇಳಬೇಕು, ಅಂಗಡಿಯವಳು ಮೂರು ಸಲವೂ ಹುಬ್ಬೇರಿಸಬೇಕು. ಡ್ರೈವಿಂಗ್ ಟೆಸ್ಟನ್ನು ನಾಲ್ಕನೆಯ ಸಲಕ್ಕೆ ಪಾಸು ಮಾಡಿದ ದಿನ ಒಬ್ಬಳೇ ಕಾರಿನಲ್ಲಿ ಕೂತು ಜೋರಾಗಿ ನಕ್ಕೆ. ಆ ಲೈಸೆನ್ಸಿನಿಂದಲೇ ಈ ಕೆಲಸ ಸಿಕ್ಕಿದ್ದು.

ಕೆಲಸದ ಜಾಗ ಮನೆಯಿಂದ ಒಂದೂಕಾಲು ಗಂಟೆ ದೂರ, ಗುಡ್ಡದ ಮೇಲೆ. ನಾಲ್ಕು ಪಾಲು ಮಾಡಿ ಬೇಲಿ ಹಾಕಿದ ಬಯಲು, ಒಂದು ಶೆಡ್ಡು, ನಾಲ್ಕು ಕ್ಯಾರಿಬೂ. ಕ್ಯಾರಿಬೂ ಎಂದರೆ ಉತ್ತರದ ಹಿಮನಾಡಿನ ಜಿಂಕೆ. ನಮ್ಮ ಜಿಂಕೆಗಿಂತ ದಪ್ಪ, ಹೆಣ್ಣಿಗೂ ಕೊಂಬು, ನಡೆದರೆ ಕಾಲಿನಲ್ಲಿ ಟಕ್ ಟಕ್ ಎಂದು ಸದ್ದು. ಚಳಿಗಾಲದಲ್ಲಿ ಗೊರಸಿನಿಂದ ಹಿಮ ಕೆದರಿ ಅಡಿಯಲ್ಲಿರುವ ಕಲ್ಲುಹೂವು ತಿಂದು ಬದುಕುತ್ತದೆ. ಹೌದು, ಕಲ್ಲುಹೂವೇ, ನಾವು ಮಸಾಲೆಪುಡಿಗೆ ಹುರಿದು ಹಾಕುವುದರ ದಾಯಾದಿ. ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನ ಇಂಡಿಯನ್ ಅಂಗಡಿಯಲ್ಲಿ ಚಿಟಿಕೆಯಷ್ಟು ಪೊಟ್ಟಣ ಸಿಕ್ಕರೆ ಹಿಗ್ಗುತ್ತಿದ್ದ ನನ್ನೆದುರು ಮೂಟೆಗಟ್ಟಲೆ ಕಲ್ಲುಹೂವು! ಮೊದಲ ದಿನ ಮೂಟೆಯೊಳಗೆ ಮೂಗಿಟ್ಟು ಅಮ್ಮನ ಅಡಿಗೆಮನೆ ನೆನೆದು ಕಣ್ಣೀರು ಹಾಕಿದೆ.

ಆ ಜಾಗದ ವಿಜ್ಞಾನಿ ಹೆಲೆನ್, ಐವತ್ತು ದಾಟಿದ ಹೆಂಗಸು. ಮೇಡಂ ಅಂದರೆ ಸಿಡುಕುವಳು, ಹೆಸರು ಹಿಡಿದು ಕರೆದರೆ ನನ್ನ ನಾಲಿಗೆ ತೊಡರುವುದು. ಅವಳು ಹೇಳಿದ ಸಂಗತಿ ಇಷ್ಟು: ಭೂಮಿ ಬಿಸಿಯಾಗುತ್ತಿದೆ. ಉತ್ತರದಲ್ಲಿ ನಡುಚಳಿಗಾಲದಲ್ಲಿ ಹಿಮ ಬೀಳುವ ಕಡೆ ಮಳೆ ಬೀಳುತ್ತದೆ. ಮಳೆನೀರು ಹಿಮದ ಮೇಲೆ ಹೆಪ್ಪುಗಟ್ಟಿ ಹಲಗೆಯಾಗುತ್ತದೆ. ಗೊರಸು ಜಾರುತ್ತದೆ, ಮೂಗಿಗೆ ವಾಸನೆ ಹತ್ತುವುದಿಲ್ಲ. ಹಿಂಡಿಗೆ ಹಿಂಡೇ ಊಟದ ಮೇಲೆ ನಿಂತು ಹಸಿವಿನಿಂದ ಸಾಯುತ್ತದೆ.

"ಎಷ್ಟು ದಪ್ಪದ ಐಸ್ ಆದರೆ ಅದು ಕೆದರೋದನ್ನ ಬಿಟ್ಟುಬಿಡತ್ತೆ? ನನಗೆ ಬೇಕಾಗಿರೋದು ಅಷ್ಟೇ," ಎಂದಳು. "ನೀನು ಎಣಿಸು. ಹೊರಗಿನದು ಒಂದು ಹಿಡಿಯನ್ನೂ ಕೊಡಬೇಡ."

ಕಲ್ಲುಹೂವು ಹರಡಿ, ಹಿಮ ಮುಚ್ಚಿ, ಮೇಲೆ ನೀರು ಸುರಿದು ಹೆಪ್ಪುಗಟ್ಟಿಸುವುದು ಅವಳ ಕೆಲಸ. ಕೆದರಿದ್ದನ್ನು ಎಣಿಸುವುದು ನನ್ನದು. ಪ್ರಾಣಿಗಳಿಗೆ ಹೆಸರಿಡುವಂತಿರಲಿಲ್ಲ, ನಂಬರು ಮಾತ್ರ. ಮೂರನೆಯದು ಗಬ್ಬವಾಗಿತ್ತು.

ಅದೇ ಚಳಿಗಾಲಕ್ಕೆ ನನ್ನ ಅತ್ತೆ ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದರು. ದಿನವೂ ಅಡಿಗೆಯ ಮೊದಲ ತುತ್ತನ್ನು ಹಸುವಿಗೆ ತೆಗೆದಿಡದೆ ಅವರು ಉಂಡವರಲ್ಲ. ಅದೇ ಗೋಗ್ರಾಸ. ಮೈಸೂರಿನಲ್ಲಿ ಹನ್ನೊಂದು ಗಂಟೆಗೆ ಹಸುವೇ ಗೇಟಿಗೆ ಬಂದು ನಿಲ್ಲುತ್ತದೆ. ಓಲ್ಡ್ ಬ್ರಿಡ್ಜ್‌ನಲ್ಲಿ ಗೇಟೂ ಇಲ್ಲ, ಹಸುವೂ ಇಲ್ಲ. ಅನ್ನದುಂಡೆಯನ್ನು ಬಾಲ್ಕನಿಯಲ್ಲಿಟ್ಟರು, ಅಳಿಲುಗಳು ಮುತ್ತಿದವು, ಮ್ಯಾನೇಜ್‌ಮೆಂಟಿನಿಂದ ನೋಟಿಸು ಬಂತು. ಅಷ್ಟರಲ್ಲಿ ನನ್ನ ಕೆಲಸದ ವಿಷಯ ಅವರ ಕಿವಿಗೆ ಬಿತ್ತು.

"ಕೊಂಬಿದೆ ಅಂತೀಯ, ಮೆಲುಕು ಹಾಕತ್ತೆ ಅಂತೀಯ. ಇನ್ನೇನೇ ಅದು, ಹಸು ಅಲ್ದೆ?"

"ಅತ್ತೆ, ಅದಕ್ಕೆ ಏನೂ ಕೊಡೋ ಹಾಗಿಲ್ಲ."

"ಗಬ್ಬದ ಹಸೂನ ಉಪವಾಸ ಕೆಡವಿ ಲೆಕ್ಕ ಬರ್ಕೊಳ್ತೀಯ? ಥೂ, ಯಾವ ಸೀಮೆ ಓದೇ ನಿಂದು!"

ಆ ಮಾತು ನಾಟಿತು. ನನಗೂ ಹಾಗೇ ಅನ್ನಿಸುತ್ತಿತ್ತಲ್ಲ.

ಫೆಬ್ರವರಿಯ ಒಂದು ಭಾನುವಾರ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ನಲವತ್ತು ಜನಕ್ಕೆ ಅಡಿಗೆ. ಬೆಳಿಗ್ಗೆ ಹಿಮದ ಮೇಲೆ ಮಳೆ ಹುಯ್ದು ರಸ್ತೆಯೆಲ್ಲ ಐಸಾಯಿತು. ಒಂದಾದ ಮೇಲೊಂದು ಫೋನು: "ಸಾರಿ ಕಣ್ರೀ, ಡ್ರೈವ್ ಮಾಡಕ್ಕಾಗಲ್ಲ." ಕಥೆ ಓದಿದ ಶ್ರೀಧರ, ಕೇಳಿದ ನಾವಿಬ್ಬರು, ಅಷ್ಟೇ. ದೊಡ್ಡ ಪಾತ್ರೆಯ ತುಂಬ ಅನ್ನ, ಇನ್ನೊಂದರಲ್ಲಿ ಪ್ರಸಾದದ ಸಜ್ಜಿಗೆ.

"ಪ್ರಸಾದಾನ ಕಸಕ್ಕೆ ಹಾಕಿದ್ರೆ ನಾನು ನಾಳೆಯೇ ಊರಿಗೆ ಹೊರಡ್ತೀನಿ," ಎಂದರು ಅತ್ತೆ. ಸೋಮವಾರ ಬೆಳಿಗ್ಗೆ ಎರಡೂ ಪಾತ್ರೆಗಳನ್ನು ತಾವೇ ಕಾರಿನ ಡಿಕ್ಕಿಯಲ್ಲಿಟ್ಟು ಬಟ್ಟೆ ಮುಚ್ಚಿದರು. ನಾನು ಬೇಡ ಅನ್ನಲಿಲ್ಲ.

ಗುಡ್ಡದ ಮೇಲೂ ಅದೇ ಮಳೆ ಬಿದ್ದಿತ್ತು. ಬಯಲೆಲ್ಲ ಗಾಜು. ಹೆಲೆನ್ ಇನ್ನೂ ಬಂದಿರಲಿಲ್ಲ. ಮೂರನೆಯದು ಕೆದರಿ ಕೆದರಿ ಗೊರಸಿನ ಮೇಲೆ ಚರ್ಮ ಕಿತ್ತುಹೋಗಿ, ಐಸಿನ ಮೇಲೆ ರಕ್ತದ ಗೆರೆಗಳು. ನನ್ನನ್ನು ಕಂಡು ಎದ್ದು ಬೇಲಿಯ ಹತ್ತಿರ ಬಂತು. ಮೊದಲು ಒಂದೇ ಉಂಡೆ ಕೊಟ್ಟೆ. ನಾಲಿಗೆಯಿಂದ ನನ್ನ ಅಂಗೈ ಒರೆಸಿ ಮತ್ತೆ ಮುಖ ಎತ್ತಿತು. ಆಮೇಲೆ ಪಾತ್ರೆಯನ್ನೇ ಇಟ್ಟೆ. ಅನ್ನ ಮುಗಿಯಿತು, ಸಜ್ಜಿಗೆ ಮುಗಿಯಿತು. ಈ ದೇಶಕ್ಕೆ ಬಂದಮೇಲೆ ಅಷ್ಟು ಸಂತೋಷ ನನಗೆ ಇನ್ಯಾವತ್ತೂ ಆಗಿರಲಿಲ್ಲ.

ಒಂದು ಗಂಟೆಯ ನಂತರ ಹೆಲೆನ್ ಬಂದಳು. ಹೆಗಲ ಮೇಲೆ ಕಲ್ಲುಹೂವಿನ ಮೂಟೆ.

"ಮೂರನೆಯದರ ಪರೀಕ್ಷೆ ಇವತ್ತಿಗೆ ಮುಗಿಸ್ತೀನಿ," ಎಂದಳು. "ಇನ್ನು ಕಾಯಿಸಬಾರದು. ಹಿಡಿಹಿಡಿಯಾಗಿ ಶುರು ಮಾಡೋಣ."

ಆ ಕ್ಷಣ ಹೇಳಬಹುದಿತ್ತು. ಬಾಯಿಯ ತನಕ ಬಂತು. ಹೇಳಿದರೆ ಕೆಲಸ ಹೋಗುತ್ತದೆ, ಮತ್ತೆ ಆ ಫ್ರಿಜ್ಜಿನ ಸದ್ದು. ಹೇಗೂ ಹೊಟ್ಟೆ ತುಂಬಿದೆ, ಒಳ್ಳೆಯದೇ ಆಯಿತಲ್ಲ ಎಂದುಕೊಂಡು ಸುಮ್ಮನಾದೆ. ಅದು ಕಲ್ಲುಹೂವನ್ನು ಮೂಸಿ ಬಿಟ್ಟಿತು. ಹೆಲೆನ್ ನನ್ನ ಮುಖ ನೋಡಿದಳು. ನಾನು ನೋಟ್‌ಬುಕ್ ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ಮೂರನೆಯದು ಹಲ್ಲು ಕಡಿಯತೊಡಗಿತು. ಎಡಗಡೆ ಹೊಟ್ಟೆ ಉಬ್ಬಿತು; ಕಾರಣ ಏನೆಂದು ಹೆಲೆನ್‌ಗೆ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಕಾಲು ಚಾಚಿ ಸತ್ತು ಬಿದ್ದಿತ್ತು.

ಹೆಲೆನ್ ಶೆಡ್ಡಿನಲ್ಲಿ ಹೊಟ್ಟೆ ಕೊಯ್ದಳು. ಹುಳಿ ನಾತ ಮುಖಕ್ಕೆ ಹೊಡೆಯಿತು. ಒಳಗೆ ಅನ್ನದ ಅಗುಳು, ನಡುವೆ ಉಬ್ಬಿದ ದ್ರಾಕ್ಷಿ, ಒಂದು ಇಡೀ ಗೋಡಂಬಿ. ಗೋಡಂಬಿಯನ್ನು ಚಿಮಟದಲ್ಲಿ ಎತ್ತಿ ನನ್ನೆದುರು ಹಿಡಿದಳು. ಆಗ ಎಲ್ಲ ಹೇಳಿದೆ: ಪೂಜೆ, ಅತ್ತೆ, ಪ್ರಸಾದ, ಗೋಗ್ರಾಸ. ಕೇಳಿಸಿಕೊಂಡಳು.

"ಹಸಿದ ಪ್ರಾಣಿಯ ಹೊಟ್ಟೆಗೆ ಇಷ್ಟು ಅನ್ನ ಒಮ್ಮೆಲೇ ಬಿದ್ದರೆ ಹುಳಿಯಾಗಿ ರಕ್ತಕ್ಕೆ ವಿಷ ಏರತ್ತೆ," ಎಂದಳು. "ನಿನ್ನೆ ನಾನು ಬಂದಾಗಲೇ ಹೇಳಿದ್ದರೆ ಹೊಟ್ಟೆ ತೊಳೆದು ನೋಡಬಹುದಿತ್ತು. ನೀನು ಯಾಕೆ ಹೇಳಲಿಲ್ಲ?"

ಹಸಿವಿಗೆ ಅದು ಸಾಯುತ್ತಿರಲಿಲ್ಲ. ನನ್ನ ಭಯಕ್ಕೆ ಸತ್ತಿತು. ಆಮೇಲೆ ಗರ್ಭಕೋಶ ಕೊಯ್ದಳು. ಕರುವಿಗೆ ಗೊರಸು ಮೂಡಿತ್ತು, ಬೆಳ್ಳಗೆ, ಮೆತ್ತಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಳು.

"ನೀನೇ ಬರಿ. ಸಾವಿನ ಕಾರಣ, ಕೊಟ್ಟವರ ಹೆಸರು. ಕರು ಗಂಡೋ ಹೆಣ್ಣೋ ಅದನ್ನೂ ಬರಿ."

ಬರೆದೆ. ಅಕ್ಷರ ಸ್ಪಷ್ಟವಿಲ್ಲವೆಂದು ಇನ್ನೊಮ್ಮೆ ಬರೆಸಿದಳು.

"ನಾಳೆ ಏಳಕ್ಕೆ ಬಾ," ಎಂದಳು. "ಇನ್ನೂ ಮೂರಿವೆ. ನಿನಗಿಂತ ಹುಷಾರಾಗಿ ಇನ್ಯಾರೂ ಇನ್ನು ಎಣಿಸಲ್ಲ."

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಇವತ್ತು ಹೇಗಿದೆಯೇ ಹಸು?"

"ಚೆನ್ನಾಗಿದೆ."

"ನೋಡು ಮತ್ತೆ! ನಾನು ಹೇಳಲಿಲ್ವಾ?" ಎಂದು ಡಿಕ್ಕಿಯಲ್ಲೇ ಉಳಿದಿದ್ದ ಖಾಲಿ ಪಾತ್ರೆಗಳನ್ನು ಒಳಗೆ ಒಯ್ದು ತೊಳೆದರು. ಶ್ರೀಧರನಿಗೆ ಮಾತ್ರ ನಿಜ ಹೇಳಿದೆ. "ಅಮ್ಮನಿಗೆ ಹೇಳ್ಬೇಡ ಕಣೇ, ಎದೆ ಒಡ್ಕೋತಾಳೆ," ಎಂದರು. ಹೇಳಲಿಲ್ಲ. ಸುಮ್ಮನಿರುವುದನ್ನು ನಾನು ಹೊಸದಾಗಿ ಕಲಿಯಬೇಕಿರಲಿಲ್ಲ.

ಇನ್ನೆರಡು ಚಳಿಗಾಲ ಆ ಬೇಲಿಯ ಪಕ್ಕ ನಿಂತು ಎಣಿಸಿದೆ. ಆ ಗುಡ್ಡದ ಮೇಲೆ ನಾನು ಯಾರು, ಏನು ಮಾಡಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಎತ್ತುತ್ತಿರಲಿಲ್ಲ, ಮುಚ್ಚುತ್ತಲೂ ಇರಲಿಲ್ಲ. ಅಂಥ ಜಾಗವನ್ನು ನನ್ನದು ಎನ್ನಲು ಧೈರ್ಯವಿಲ್ಲ, ಬಿಟ್ಟುಬರಲು ಮನಸ್ಸಿಲ್ಲ.

ಮೂರನೆಯ ವರ್ಷ ಮೈಸೂರಿಗೆ ಹೋದೆ. ಅತ್ತೆ ಕುಂಕುಮಕ್ಕೆಂದು ಬೀದಿಯ ಹೆಂಗಸರನ್ನೆಲ್ಲ ಕರೆದಿದ್ದರು. ನನ್ನನ್ನು ಮಣೆಯ ಮೇಲೆ ಕೂರಿಸಿ, "ಅಮೆರಿಕಕ್ಕೆ ಹೋದ್ರೂ ನಮ್ಮ ಸೊಸೆ ಗೋಗ್ರಾಸ ಬಿಡ್ಲಿಲ್ಲ. ಉಪವಾಸ ಬಿದ್ದಿದ್ದ ಗಬ್ಬದ ಹಸೂಗೆ ಸ್ವಾಮಿ ಪ್ರಸಾದ ಇಟ್ಟಳು. ಬದುಕ್ತು," ಎಂದರು. ಎದುರುಮನೆಯ ಮುದುಕಿ ನನ್ನ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

"ಪುಣ್ಯದ ಕೈ ತಾಯಿ ನಿಂದು. ಏನು ಕರು ಹಾಕ್ತು?"

ಅತ್ತೆಯ ಮುಖ ನೋಡಿದೆ. ನನಗಿಂತ ಮೊದಲೇ ನಗುತ್ತಿದ್ದರು.

"ಹೆಣ್ಣು," ಎಂದೆ. ಅದೊಂದು ಮಾತ್ರ ಸುಳ್ಳಲ್ಲ.