‘ಇರ್ಲಿ’ ಎನ್ನದ ನಲವತ್ತು ದಿನ

ಬೆಳಿಗ್ಗೆ ನಳ ಬಂತು, ಎರಡು ಪೀಪಾಯಿ ತುಂಬಿಸಿದೆ. ರೊಟ್ಟಿ ಬಡಿದೆ. ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಎರೆದೆ. ಸಂಜೆಯ ತನಕ ಸಾಲುವಷ್ಟು ಕಂಡಿಕೆಗೆ ನೂಲು ಸುತ್ತಿ ಮಗ್ಗದ ಪಕ್ಕದಲ್ಲಿಟ್ಟೆ. ಹರಿದ ದಿಂಬಿನ ಚೀಲ ಹೊಲಿದೆ. ಪೇಟೆಗೆ ಹೋಗಿ ಉಪ್ಪು, ಬೇಳೆ ತಂದೆ. ಅಂಗಡಿಯವನು, “ಹೊಸಾ ಬೋಗುಣಿ ಬಂದಾವ್ರಿ ಅಕ್ಕಾರ, ಮನ್ಯಾಗ ಒಂದು ಇರ್ಲಿ, ಒಯ್ರಿ” ಎಂದ.

“ಬ್ಯಾಡೋ ತಮ್ಮಾ. ಇವತ್ತಿಂದ ನಲವತ್ತು ದಿನ ನಮ್ಮನ್ಯಾಗ ‘ಇರ್ಲಿ’ ಇಲ್ಲ” ಎಂದೆ. ಅವನು ನನ್ನ ಹಣೆಯ ಕುಂಕುಮ ನೋಡಿದ, ಏನೂ ತಿಳಿಯದೆ ಬೋಗುಣಿಯನ್ನು ಮತ್ತೆ ಸಾಲಿಗಿಟ್ಟ.

ಈ ಮಾತು ನನ್ನದಲ್ಲ, ನಮ್ಮ ಓಣಿಯ ಫಿಲೋಮಿನಾ ಅಕ್ಕಾರದು. ಗಂಡನ ಕೆಲಸದ ಸಲುವಾಗಿ ಹಳಿಯಾಳದ ಕಡೆಯಿಂದ ಗಜೇಂದ್ರಗಡಕ್ಕೆ ಬಂದು, ಗಂಡ ತೀರಿಕೊಂಡ ಮೇಲೂ ಹೊಲಿಗೆ ಮಷಿನ್ ನಂಬಿ ಇಲ್ಲೇ ಉಳಿದವರು. ನಾವು ನೇಯ್ದ ಸೀರೆಗೆ ಅವರು ಫಾಲ್ ಹಚ್ಚುತ್ತಿದ್ದರು. ಓಣಿಗೆಲ್ಲ ಅದೊಂದೇ ಕ್ರಿಶ್ಚನ್ನರ ಮನೆ. ಕುತ್ತಿಗೆಯಲ್ಲಿ ಟೇಪು, ಬಾಯಲ್ಲಿ ಸದಾ ಟಾಚಣಿ, ಅಂದರೆ ಗುಂಡುಸೂಜಿ. ಆ ಟಾಚಣಿ ಕಚ್ಚಿಕೊಂಡೇ ಮಾತಾಡುವರು. ಹಲ್ಲಿನ ಸಂದಿಯಿಂದ ಬಂದ ಮಾತು ಚುಚ್ಚದೆ ಇರುತ್ತಿರಲಿಲ್ಲ.

ಪ್ರತಿ ವರ್ಷ ವಿಭೂತಿ ಬುಧವಾರ, ರೋಣದ ಮೇಲೆ ಹೋಗುವ ಮೊದಲ ಬಸ್ಸಿಗೆ ಗದಗಿನ ಚರ್ಚಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವರು. ಮೊದಲ ಸಲ ಅದನ್ನು ನೋಡಿ ನಮ್ಮ ಅತ್ತೆ ಹಿಗ್ಗಿಬಿಟ್ಟರು. “ಪಿಲಮವ್ವಾ, ಈಬತ್ತಿ ಹಚ್ಚೀಯಲ್ಲ! ಕಡೀಗೂ ನಮ್ಮಾಕಿ ಆದಿ.”

“ಆದೆ ಅಂತನ ತಿಳೀರಿ ಯವ್ವಾ. ಆದ್ರ ಸ್ವಲ್ಪ ಸಮೀಪ ಬಂದು ನೋಡ್ರಿ, ಅಡ್ಡ ಗೆರಿ ಅಲ್ಲ, ಶಿಲುಬಿ.”

ಆ ದಿನದಿಂದ ಈಸ್ಟರ್‌ವರೆಗೆ ನಲವತ್ತು ದಿನ ಅವರ ತಪಸ್ಸುಕಾಲ. ಮಾಂಸ ಬಿಡುವುದನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. “ನೀವು ವರ್ಷಪೂರ್ತಿ ತಿನ್ನಂಗಿಲ್ಲ, ಅದೇನ್ ದೊಡ್ಡಸ್ತನ? ಪ್ಯಾಟ್ಯಾಗ ಅಡ್ಡ್ಯಾಡಿ ಬರೇ ಕೈಲೆ ಬರ್ರಿ ನೋಡೂಣು!” ಬೇಕು ಎಂದು ಕೊಳ್ಳಬೇಕು, ಇರ್ಲಿ ಎಂದು ಕೊಳ್ಳಬಾರದು. ಇದು ಅವರ ಕಟ್ಟಳೆ. “ಒಂದು ಇರ್ಲಿ ಅಂತ ತಂದದ್ದು ಯಾವತ್ತರೆ ಕೆಲಸಕ್ಕ ಬಂದೈತೇನ? ನಿನ್ನ ಕಪಾಟ ತಗದು ನೋಡು.” ಆ ದಿನಗಳಲ್ಲಿ ಅವರ ಚಹಾಕ್ಕೆ ಸಕ್ಕರೆಯಿಲ್ಲ, ಆ ಸಕ್ಕರೆ ದವಾಖಾನೆಯ ಮುಂದೆ ಕೂಡುವ ಮುದುಕಿಗೆ ಹೋಗುತ್ತಿತ್ತು.

ಒಂದು ವರ್ಷ ನಮ್ಮ ಮಗಳು ರೇಖಾಳ ಮದುವೆ ಆ ನಲವತ್ತು ದಿನದೊಳಗೇ ಬಂತು. ಬೀಗರು ನರಗುಂದ ಪೇಟೆಯ ಬಟ್ಟೆ ಅಂಗಡಿಯವರು, ಯಾರು ಏನು ಉಟ್ಟಿದ್ದಾರೆಂದು ಮೊದಲು ನೋಡುವವರು. ಅಕ್ಕಾರು ನನ್ನ ಮಗ್ಗುಲಲ್ಲೇ ನಿಲ್ಲಬೇಕಾದವರು.

“ಅಕ್ಕಾರ, ಮದುವಿಗೆ ಒಂದು ಹೊಸಾ ಸೀರಿ ಇರ್ಲಿ. ನಮ್ಮ ಮಗ್ಗದ್ದ ತಗೋರಿ.”

“ಇರ್ಲಿ ಅಂದಿ ನೋಡು!”

“ರೊಕ್ಕ ಬ್ಯಾಡ್ರಿ, ನಾನ ಉಡಸ್ತೀನಿ.”

“ನಿನ್ನ ಖರ್ಚು ಖರ್ಚಲ್ಲೇನ?”

ನನಗೆ ಉರಿಯಿತು. “ಎಲ್ಲಾರೂ ನಿಮ್ಮಂಗ ಸೀರಿ ಬಿಟ್ರ ನೇಯಾವ್ರು ಮಣ್ಣ ತಿನ್ನೂದೇನ್ರಿ?”

ಅವರು ಬಾಯಿಂದ ಟಾಚಣಿ ತೆಗೆದರು. ಅದನ್ನು ತೆಗೆದು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. “ಸಂಗವ್ವಾ, ಬೇಕಾದಾವ್ರು ತಗೋತಾರ, ನಿನ್ನ ಮಗ್ಗ ನಿಲ್ಲಂಗಿಲ್ಲ. ದೇವರಿಗೆ ಕೊಟ್ಟ ಮಾತು ಬೀಗರ ಸಲುವಾಗಿ ಮುರಿಯಾಕಿ ನಾನಲ್ಲ.”

ಎಂಟು ದಿನ ಮಾತು ಬಿಟ್ಟೆ. ಫಾಲ್ ಹಚ್ಚುವ ಸೀರೆಗಳನ್ನು ಅತ್ತೆಯ ಕೈಯಲ್ಲಿ ಕಳಿಸುತ್ತಿದ್ದೆ.

ಅಕ್ಕಾರು ಮದುವೆಗೆ ಬಂದರು. ಉಟ್ಟದ್ದು ನವಿಲುಬಣ್ಣದ ಹಳೆಯ ಸೀರೆ, ಸೆರಗಿನ ತುದಿಗೆ ರಫೂ ಬೇರೆ. ಬೀಗತಿ ಎಲ್ಲರೆದುರಿಗೇ ಕೇಳಿದರು: “ಟೇಲರ್ ಬಾಯಾರ, ಮಂದೀಗೆಲ್ಲಾ ಹೊಸಾದು ಹೊಲೀತೀರಿ, ನಿಮಗೊಂದು ಸಿಗಲಿಲ್ಲೇನ್ರಿ?” ನಾನು ತಲೆ ತಗ್ಗಿಸಿದೆ.

ಅಕ್ಕಾರು ಸೆರಗನ್ನು ಅವರ ಕೈಗೇ ಕೊಟ್ಟರು. “ಹಿಡದು ನೋಡ್ರಿ. ಇದು ಈ ನಿಮ್ಮ ಬೀಗತಿ ಸಂಗವ್ವ ಮಗ್ಗಕ್ಕ ಕೂತು ನೇಯ್ದ ಮೊದಲನೇ ಸೀರಿ. ಅಂಚಿನ್ಯಾಗ ಎರಡು ಕಡೆ ಎಳಿ ತಪ್ಪ್ಯಾವ. ಯಾರೂ ತಗೊಳ್ಳಲಿಲ್ಲ, ನಾ ತಗೊಂಡೆ. ಇಪ್ಪತ್ತೆರಡು ವರ್ಷ ಉಟ್ಟೇನಿ. ಹಿಂಗ ಬಾಳಿಕಿ ಬರೂದು ನಿಮ್ಮ ಅಂಗಡ್ಯಾಗ ಐತೇನ್ರಿ?”

ಬೀಗತಿ ಸೆರಗು ಬಿಟ್ಟರು. ನನಗೆ ಆಗ ನೆನಪಾಯಿತು: ಆ ಸೀರೆ ಕೊಳ್ಳುವಾಗ ಅಕ್ಕಾರು ಇರ್ಲಿ ಎಂದಿರಲಿಲ್ಲ, “ನನಗ ಬೇಕು” ಎಂದಿದ್ದರು.

ಹೋದ ಮಳೆಗಾಲ ಅಕ್ಕಾರು ಹಾಸಿಗೆ ಹಿಡಿದರು. ಕೊನೆಯ ಸಲ ನಾನು ಗಂಜಿ ಕುಡಿಸುವಾಗ ಕಪಾಟು ತೋರಿಸಿದರು. “ನನಗ ನವಿಲಬಣ್ಣದ್ದ ಉಡಸು. ಹೊಸಾದು ಇರ್ಲಿ ಅಂತ ಬಂದಾವ್ರನ್ನ ಒಳಗ ಬಿಡಬ್ಯಾಡ.”

“ಈಗ ತಪಸ್ಸುಕಾಲ ಅಲ್ಲಲ್ರಿ ಅಕ್ಕಾರ.”

“ರೂಢಿ ಆಗಿಬಿಟ್ಟೈತಿ ಬಿಡು” ಎಂದು ನಕ್ಕರು.

ಅವರು ಹೋದ ದಿನ ಓಣಿಯ ಹೆಂಗಸರು ಹೊಸ ಸೀರೆ ತಂದರು, ಹಳಿಯಾಳದಿಂದ ಬಂದ ಅವರ ತಮ್ಮನೂ ತಂದ. “ಕಡೀ ಸೀರಿ, ಹೊಸಾದು ಇರ್ಲಿ ಬಿಡವಾ” ಎಂದರು. ನಾನು ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತೆ. ಬೈದರು. “ನೇಕಾರರ ಮನ್ಯಾಕಿ ಆಗಿ ಹೊಸಾ ಸೀರಿ ಬ್ಯಾಡ ಅಂತೀಯೇನ?” ಎಂದು ನಮ್ಮ ಮನೆಯವರೇ ರೇಗಿದರು. ಬಿಡಲಿಲ್ಲ. ಎಳೆ ತಪ್ಪಿದ ಆ ಅಂಚನ್ನು ನನ್ನ ಕೈಯಾರೆ ನೆರಿಗೆ ಹಿಡಿದು ಉಡಿಸಿದೆ.

ಇವತ್ತು ಮತ್ತೆ ವಿಭೂತಿ ಬುಧವಾರ. ಬೋಗುಣಿಯ ಸುದ್ದಿ ಕೇಳಿ ನಾದಿನಿ ಬಂದು, “ವೈನಿ, ನೀವೇನ್ ಕಿರಿಸ್ತಾನರ ಆದ್ರೇನ?” ಎಂದಳು.

“ಇಲ್ಲವಾ. ಬೇಕಾದ್ದು ತಂದೇನಿ, ಇರ್ಲಿ ಅಂಬೂದನ್ನ ಪ್ಯಾಟ್ಯಾಗ ಬಿಟ್ಟು ಬಂದೇನಿ, ಅಷ್ಟ.”

ಹೊತ್ತು ಮುಳುಗುತ್ತಲೇ ಉಣ್ಣಲು ಕೂತೆವು. ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ. “ಇನ್ನೊಂದು ಇರ್ಲಿ” ಎಂದು ಅತ್ತೆಗೆ ರೊಟ್ಟಿ ಹಾಕಹೋದೆ. ಅವರು ಗಂಗಾಳದ ಮೇಲೆ ಕೈ ಅಡ್ಡ ಹಿಡಿದರು. “ಪಿಲಮವ್ವ ಕೇಳಿದ್ರ ಬೈತಿದ್ಲು ನಿನ್ನ. ಬೇಕೇನು ಅಂತ ಕೇಳು.”

“ಬೇಕೇನ್ರಿ?”

“ಬೇಕು.”

ಅರ್ಧ ರೊಟ್ಟಿ ಹಾಲಿಗೆ ಮುರಿದುಕೊಂಡು ಉಂಡರು. ಎಲ್ಲರಿಗಿಂತ ಮೊದಲು ಮಲಗಿದವರೂ ಅವರೇ, ಹಣೆಯ ಅಡ್ಡಗೆರೆಯ ಈಬತ್ತಿ ಅಳಿಸದೆ.