ಹಣೆಯ ಮೇಲಿನ ನೀಲಿ ಬೊಟ್ಟು

ಶಿಡ್ಲಘಟ್ಟದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿರುವವಳು ನಾನು. ಮಕ್ಕಳು ಹುಣಸೆಮರದ ದೆವ್ವದ ಕಥೆ ಹೇಳಿದಾಗಲೆಲ್ಲ ಅದಕ್ಕೊಂದು ಕಾರಣ ಹುಡುಕಿ ಕೊಟ್ಟು ಕಳಿಸಿದ್ದೇನೆ. ದೊಡ್ಡವರು ಯಾರಾದರೂ ತಮಗೆ ಹೀಗೆ ಹೀಗಾಯಿತು ಎಂದು ಶುರುಮಾಡಿದರೆ ಮರ್ಯಾದೆಗೆ ಕೇಳಿಸಿಕೊಂಡು, ಪಾಪ, ಇವರಿಗೆ ನಿದ್ದೆ ಸಾಲದು ಎಂದು ಮನಸ್ಸಿನಲ್ಲೇ ತೀರ್ಮಾನಿಸುತ್ತಿದ್ದೆ. ಇದನ್ನು ಓದಿ ನೀವು ನನ್ನ ಬಗ್ಗೆಯೂ ಹಾಗೇ ತೀರ್ಮಾನಿಸಿದರೆ ನನ್ನ ತಕರಾರಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತಂಗಿ ಸುಧಾಳ ಗಂಡ ವೆಸ್ಟ್ ಇಂಡೀಸಿನ ಒಂದು ಪುಟ್ಟ ದ್ವೀಪದಲ್ಲಿ ಮೆಡಿಕಲ್ ಕಾಲೇಜಿನ ಮೇಷ್ಟ್ರು. ಆ ದ್ವೀಪದಲ್ಲಿ ಕಾರ್ನಿವಲ್ ನಡೆಯುವುದು ನಮ್ಮ ಬೇಸಿಗೆ ರಜೆಯ ಹೊತ್ತಿಗೆ. ಊರಿಗೆ ಊರೇ ಬೀದಿಗೆ ಬಂದು ದಿನಗಟ್ಟಲೆ ಕುಣಿಯುತ್ತದೆ. ನನ್ನ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಶಾಲೆ, ಮನೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಒಂದು ಸಲ ಬಾರೇ ಎಂದು ಸುಧಾ ಹಟ ಹಿಡಿದಳು.

ನಮ್ಮದು ಕೂಡು ಮನೆ. ಮೈದುನ, ಅವನ ಹೆಂಡತಿ ಮಂಜುಳಾ, ಅವರ ಮಕ್ಕಳು, ನನ್ನ ಅತ್ತೆ, ನಾನು. ಅತ್ತೆಗೆ ಆಗ ಎಪ್ಪತ್ತೆಂಟು. ಚಿಂತಾಮಣಿ ಕಡೆಯ ತೆಲುಗು ಮನೆಯಲ್ಲಿ ಹುಟ್ಟಿ, ದಿಬ್ಬೂರಹಳ್ಳಿಗೆ ಸೊಸೆಯಾಗಿ ಬಂದು, ಅರ್ಧ ಆಯುಸ್ಸು ಹಿಪ್ಪುನೇರಳೆ ಸೊಪ್ಪು ಬಿಡಿಸಿದವರು. ಮಂಡಿ ನೋವು ಬಂದ ಮೇಲೆ ಅವರ ಓಡಾಟವೆಲ್ಲ ಹಜಾರದಿಂದ ಹಿತ್ತಿಲಿನವರೆಗೆ. ಅವರೇನಾದರೂ ಬೇಡವೆಂದರೆ ನೆಪ ಸಿಗುತ್ತದೆ ಎಂದುಕೊಂಡು ಕೇಳಿದೆ.

"ಹೋಗಿ ಬಾರಮ್ಮಣ್ಣಿ, ಗೋಡೆ ನೋಡ್ಕಂಡು ಕೂತಿದ್ದು ಸಾಕು" ಎಂದರು.

ಇನ್ನೊಂದು ವಿಷಯ ಹೇಳಬೇಕು. ಯಜಮಾನರು ಹೋದ ಮೇಲೆ ನಾನು ಹಣೆಗೆ ಇಡುವುದನ್ನು ಬಿಟ್ಟಿದ್ದೆ. ಬಿಡು ಎಂದು ಯಾರೂ ಹೇಳಿರಲಿಲ್ಲ. ಅತ್ತೆಯ ಹಣೆ ಮೂವತ್ತು ವರ್ಷದಿಂದ ಬರಿದಾಗಿತ್ತು. ಅವರೆದುರು ಬೊಟ್ಟಿಟ್ಟುಕೊಂಡು ಓಡಾಡಲು ನನಗೆ ಮನಸ್ಸು ಒಪ್ಪಲಿಲ್ಲ. ಆ ಮಾತು ನಮ್ಮಿಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ.

ಕಾರ್ನಿವಲ್ಲಿನ ಮೊದಲ ಕುಣಿತ ಬೆಳಗಿನ ಜಾವ. ಅದಕ್ಕೆ ಅಲ್ಲಿ ಜೂವೆ ಎನ್ನುತ್ತಾರೆ. ಜನ ಒಬ್ಬರಿಗೊಬ್ಬರು ಕೆಸರು, ಬಣ್ಣ ಬಳಿದುಕೊಂಡು, ಹಾಡು ಹಾಕಿದ ಲಾರಿಗಳ ಹಿಂದೆ ಸೂರ್ಯ ಹುಟ್ಟುವವರೆಗೂ ಕುಣಿಯುತ್ತಾರೆ. ನಿಮ್ಮಲ್ಲಿ ಯಾರಾದರೂ ಹೋಗುವುದಾದರೆ, ಹಿಂದಿನ ಸಂಜೆ ಸುಧಾ ನನ್ನನ್ನು ಕೂರಿಸಿಕೊಂಡು ಹೇಳಿದ ಬುದ್ಧಿಮಾತು ಕೇಳಿಟ್ಟುಕೊಳ್ಳಿ. ಬಿಸಾಡಿದರೂ ಬೇಸರವಾಗದ ಬಟ್ಟೆ ಹಾಕಿಕೊಳ್ಳಬೇಕು. ಚಪ್ಪಲಿ ಬೇಡ, ಕಾಲಿಗೆ ಬಿಗಿಯಾಗಿ ಕೂರುವ ಹಳೆಯ ಶೂ ಇರಲಿ. ಕೊಬ್ಬರಿ ಎಣ್ಣೆಯನ್ನು ಮೈಗೂ ತಲೆಗೂ ಧಾರಾಳವಾಗಿ ಹಚ್ಚಿಕೊಂಡರೆ ಬಣ್ಣ ಬೇಗ ಬಿಡುತ್ತದೆ. ಮಿಲಿಟರಿಯವರ ಮಚ್ಚೆ ಮಚ್ಚೆ ಬಟ್ಟೆ ಅಲ್ಲಿ ಕಾನೂನಿಗೆ ವಿರುದ್ಧ, ಚಂದವಿದೆ ಎಂದು ಹಾಕಬೇಡಿ. ಒಡವೆ, ಫೋನು ಮನೆಯಲ್ಲೇ ಇರಲಿ. ಹೊಟ್ಟೆಗೆ ತಿಂದು ಹೊರಡಿ. ಬಣ್ಣ ಬೇಡದವರು ಆ ಬೀದಿಗೆ ಇಳಿಯಬಾರದು, ಇಳಿದ ಮೇಲೆ ಮುಖ ಸಿಂಡರಿಸಬಾರದು.

"ಕೊನೇದು ಮುಖ್ಯ ಕಣೇ ಅಕ್ಕ. ತಪ್ಪಿಸ್ಕೊಂಡ್ರೆ ಹುಡುಕ್ತಾ ಅಲೀಬೇಡ. ಚರ್ಚಿನ ಮೆಟ್ಟಿಲ ಹತ್ರ ಬಂದು ನಿಂತ್ಕೋ" ಎಂದಳು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಚರ್ಚು ಯಾವ ದಿಕ್ಕಿಗಿದೆ ಎಂದು ಮಾತ್ರ ಕೇಳಲಿಲ್ಲ.

ಕತ್ತಲಿರುವಾಗಲೇ ಹೊರಟೆವು. ಫೋನುಗಳನ್ನು ಇಬ್ಬರೂ ಮನೆಯಲ್ಲೇ ಬಿಟ್ಟಿದ್ದೆವು. ಮೊದಲ ಒಂದು ಗಂಟೆ ನಾನು ನಗುತ್ತಲೇ ಇದ್ದೆ ಎನ್ನಬೇಕು. ಗುರುತಿಲ್ಲದ ಹೆಂಗಸರು ಕೆನ್ನೆಗೆ ಕೆಸರು ಹಚ್ಚಿ ತಬ್ಬಿಕೊಳ್ಳುತ್ತಿದ್ದರು. ಒಂದು ಗುಂಪು ತಗಡು, ಕಬ್ಬಿಣ ಬಡಿಯುತ್ತಾ ಬಂತು. ನಮ್ಮ ತಮಟೆಯವರು ಕೇಳಿದ್ದರೆ ಭೇಷ್ ಎನ್ನುತ್ತಿದ್ದರು. ಆಕಾಶ ಬೆಳ್ಳಗಾಗುತ್ತಿದ್ದಾಗ ಅಡ್ಡರಸ್ತೆಯಿಂದ ಇನ್ನೊಂದು ಲಾರಿ ತಿರುಗಿತು. ಜನ ಎರಡು ಪಾಲಾದರು. ಸುಧಾ ಆ ಪಾಲಿಗೆ ಹೋದಳು, ನಾನು ಈ ಪಾಲಿಗೆ ಬಂದೆ.

ಮುಚ್ಚಿದ ಅಂಗಡಿಯೊಂದರ ಗೋಡೆಗೆ ಒತ್ತಿಕೊಂಡು ನಿಂತೆ. ಎಲ್ಲರ ಮುಖವೂ ಬಣ್ಣ, ಯಾರು ಯಾರೆಂದು ತಿಳಿಯದು. ಕೂಗಿದರೆ ನನ್ನ ದನಿ ನನಗೇ ಕೇಳದು. ಐವತ್ತೆರಡು ವರ್ಷದ ಹೆಂಗಸು, ಮೇಷ್ಟ್ರು ಬೇರೆ, ಅತ್ತೇಬಿಟ್ಟೆ. ತಪ್ಪಿಸಿಕೊಂಡದ್ದಕ್ಕೆ ಶುರುವಾದ ಅಳು ಆಮೇಲೆ ಎರಡು ವರ್ಷದ್ದೆಲ್ಲ ಸೇರಿಸಿಕೊಂಡು ಬಂತು.

ಆಗ ಯಾರೋ ನನ್ನ ಬಲಗೈ ಮಣಿಕಟ್ಟು ಹಿಡಿದರು. ಕುಳ್ಳಗಿನ ಮುದುಕಿ, ಅಡಿಯಿಂದ ಮುಡಿಯವರೆಗೆ ನೀಲಿ. ತಲೆಗೆ ಬಟ್ಟೆ ಕಟ್ಟಿದ್ದಳು. ಏನೋ ಹೇಳಿದಳು, ಆ ಗದ್ದಲದಲ್ಲಿ ಯಾವ ಭಾಷೆ ಎಂದೂ ಗೊತ್ತಾಗಲಿಲ್ಲ. ಎಲ್ಲರೂ ಅಂಗೈ ತುಂಬ ಬಣ್ಣ ಬಳಿಯುತ್ತಿದ್ದರಲ್ಲ, ಇವಳು ಹಾಗೆ ಮಾಡಲಿಲ್ಲ. ಉಂಗುರದ ಬೆರಳಿನ ತುದಿಗೆ ಮಾತ್ರ ನೀಲಿ ತೆಗೆದುಕೊಂಡು, ನನ್ನ ಹಣೆಯ ನಡುವೆ ಒತ್ತಿ ಒಂದು ಬೊಟ್ಟಿಟ್ಟಳು. ಆಮೇಲೆ ನನ್ನನ್ನು ಬೀದಿ ನಡುವಿಗೆ ಎಳೆದು ಕುಣಿಯತೊಡಗಿದಳು. ನನ್ನ ಕಾಲೂ ಕುಣಿದವು. ಮದುವೆಯಾದಾಗಿನಿಂದ ನಾನು ಕುಣಿದವಳಲ್ಲ. ಅಳು ಯಾವಾಗ ನಿಂತಿತೋ ಕಾಣೆ. ಎರಡು ತಿರುವು ದಾಟಿದ್ದೆವು ಅನ್ನಿಸುತ್ತದೆ, ಎದುರಿಗೆ ಚರ್ಚು, ಮೆಟ್ಟಿಲ ಮೇಲೆ ಸುಧಾ. ಮುದುಕಿಗೆ ಕೈಮುಗಿಯೋಣವೆಂದು ತಿರುಗಿದೆ. ಗುಂಪಿನಲ್ಲಿ ನೀಲಿ ಬಳಿದುಕೊಂಡವರು ಹತ್ತಾರು ಜನರಿದ್ದರು. ಅವಳಿರಲಿಲ್ಲ.

ಮನೆ ಸೇರಿದ ಮೇಲೆ, ಸ್ನಾನಕ್ಕೂ ಮೊದಲು, ಊರಿಗೆ ಫೋನು ಮಾಡಿದೆ. ದ್ವೀಪದಲ್ಲಿ ಬೆಳಗಿನ ಏಳೂವರೆ, ಊರಿನಲ್ಲಿ ಸಂಜೆ ಐದು ಗಂಟೆ. ನಾನು ಬಾಯಿ ತೆರೆಯುವ ಮುಂಚೆ ಮಂಜುಳಾ ಹೇಳಿದಳು:

"ಅಕ್ಕಾ, ಊಟ ಮಾಡಿ ಮಲಗಿದ್ದ ಅತ್ತೆ ನಾಲ್ಕು ಗಂಟೆಗೆ ನಗ್ತಾ ನಗ್ತಾ ಎದ್ದವ್ರೆ. ಅಮ್ಮಣ್ಣಿ ಗೋಡೆ ಪಕ್ಕ ಅಳ್ತಾ ನಿಂತಿದ್ಲು, ಕೈ ಹಿಡ್ಕಂಡು ಬಿಟ್ಬಂದೆ ಅಂತಾರೆ. ಕಾಲು ನೋಯ್ತೈತೆ, ಬಿಸಿನೀರು ಕೊಡು ಅಂದ್ರು. ಕೊಟ್ಟಿದೀನಿ. ನೀವು ಚೆನ್ನಾಗಿದೀರ ತಾನೆ?"

ಅಷ್ಟರಲ್ಲಿ ಅತ್ತೆ ಫೋನು ಇಸಿದುಕೊಂಡರು.

"ಅಮ್ಮಣ್ಣಿ, ಸ್ನಾನ ಮಾಡ್ದೆ?"

"ಇಲ್ಲ ಅತ್ತೆ."

"ಮಾಡ್ಕೊ. ಹಣೇಗಿಟ್ಟಿದ್ದು ಮಾತ್ರ ಒರೆಸ್ಕೋಬ್ಯಾಡ. ಉಂಡ್ನೀ."

ಖುಷಿಯಾದಾಗ ಅವರಿಗೆ ತೆಲುಗು ಬರುತ್ತದೆ. ಇರಲಿ ಬಿಡು ಎಂದು ಅದರ ಅರ್ಥ.

ಆಮೇಲೆ ಮೇಷ್ಟ್ರ ಬುದ್ಧಿ ಸುಮ್ಮನಿರಲಿಲ್ಲ. ಹೊರಡುವ ಮೊದಲು ಸುಧಾ ಕಳಿಸಿದ್ದ ಹಳೆಯ ವಿಡಿಯೋಗಳನ್ನು ಅತ್ತೆಯೂ ನೋಡಿದ್ದರು. ಜನಜಂಗುಳಿ, ಗದ್ದಲ ಅವರ ಕನಸಿಗೆ ಅಲ್ಲಿಂದಲೇ ಬಂದಿರಬಹುದು. ಸೊಸೆ ತಪ್ಪಿಸಿಕೊಂಡಾಳೆಂಬ ಭಯವೂ ಸಹಜ. ಹಣೆಯ ಬೊಟ್ಟಿನ ಲೆಕ್ಕಕ್ಕೆ ಬಂದಾಗ ನಿಲ್ಲುತ್ತೇನೆ. ಅದನ್ನು ನಾನು, ಸುಧಾ ಇಬ್ಬರೂ ಯಾರಿಗೂ ಹೇಳಿರಲಿಲ್ಲ. ಬೀದಿಯಲ್ಲಿ ನಮ್ಮ ಕೈಯಲ್ಲಿ ಫೋನೇ ಇರಲಿಲ್ಲ, ಮನೆಯಿಂದ ಮಾಡಿದ ಫೋನಿನಲ್ಲಿ ಮುಖ ಕಾಣುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಮಂಜುಳಾಳನ್ನು ಮೂರು ಸಲ ಕೂರಿಸಿಕೊಂಡು ಕೇಳಿದ್ದೇನೆ. ಮೂರು ಸಲವೂ ಅದೇ ಮಾತು, ಅದೇ ಹೊತ್ತು.

ಅತ್ತೆಯನ್ನೇ ಕೇಳಿದಾಗ, "ಮುದುಕಿ ಕನಸು ಕಣಮ್ಮ, ಅದುಕ್ಕೇನು" ಎಂದು ಅವರೆಕಾಯಿ ಬಿಡಿಸುತ್ತಾ ಕೂತರು. ನಾನು ಹಣೆಗೆ ಇಟ್ಟುಕೊಂಡು ಶಾಲೆಗೆ ಹೊರಟ ದಿನ ತಲೆಯೆತ್ತಿ ನೋಡಿ, "ಚೆನ್ನಾಗೈತೆ" ಎಂದರು. ಅಷ್ಟೇ.

ಈ ಬೇಸಿಗೆಗೆ ಮತ್ತೆ ಬಾ ಎಂದು ಸುಧಾ ಕರೆದಿದ್ದಾಳೆ. ಮೊನ್ನೆ ಊಟಕ್ಕೆ ಕೂತಾಗ ಅತ್ತೆಗೆ ಹೇಳಿದೆ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿ, ನನ್ನ ಮುಖ ನೋಡದೆ ಹೇಳಿದರು:

"ಹೋಗು. ಆ ಬೀದಿಗೆ ಹೋಗೋ ದಿನ ಯಾವುದು ಅಂತ ಮೊದಲೇ ಹೇಳು. ಬೇಗ ಉಂಡು ಮಲಗ್ತೀನಿ."

ಮಂಜುಳಾ ನಕ್ಕಳು. ಅತ್ತೆ ನಗಲಿಲ್ಲ, ಇನ್ನೊಂದು ಸೌಟು ಸಾರು ಕೇಳಿದರು.